ಅಳೆಯುವ ಮುಂಚೆ ಕೇಳಿ, ಊಟ ಆಯ್ತಾ?

ನಮ್ಮ ಕಡೆ ಯಾರೇ ಎದುರು ಸಿಕ್ಕರೂ ಮೊದಲ ಮಾತು “ಊಟ ಆಯ್ತಾ?”. ಸಮುದ್ರದಿಂದ ಬಲೆಯಲ್ಲಿ ಎತ್ತಿ ತಂದ ಪುಟ್ಟ ಪ್ರಾಣಿಯೊಂದರ ಉಸಿರಾಟ ಅಳೆಯಲು ಕೂತ ವಿಜ್ಞಾನಿಯೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಸಿಕ್ಕ ಉತ್ತರವನ್ನು ರೀಡಿಂಗ್ ಪಕ್ಕದ ಕಾಲಂನಲ್ಲೇ ಬರೆಯಬೇಕು. ಬರೆಯದಿದ್ದರೆ ಆ ರೀಡಿಂಗನ್ನು ಯಾರೂ ಬಳಸಬಾರದು. ನನ್ನ ವಾದ ಇಷ್ಟೇ. ಪಿಯುಸಿ ಮುಗಿದ ದಿನವೇ ಬಯಾಲಜಿಗೆ ಕೈಮುಗಿದು ಬಂದವರಿಗೆ ಇದೆಲ್ಲ ಯಾಕಪ್ಪಾ ಅಂತೀರಾ? ಅಳತೆ ನಮ್ಮ ಕಸುಬು. ಈ ಕಥೆ ಪೂರ್ತಿ ಅಳತೆಯದ್ದೇ.

ಮೊದಲು ಪಾತ್ರಧಾರಿಗಳ ಪರಿಚಯ. ಜೂಪ್ಲಾಂಕ್ಟನ್ ಅಂದರೆ ಪ್ರಾಣಿಪ್ಲವಕ. ನೀರಿನ ಹರಿವಿಗೆ ಎದುರು ಈಜಿ ಗೆಲ್ಲೋ ತಾಕತ್ತಿಲ್ಲದೆ, ಅದು ಒಯ್ದಲ್ಲಿಗೆ ತೇಲಿಕೊಂಡು ಹೋಗುವ ಪ್ರಾಣಿಗಳಿಗೆಲ್ಲ ಸೇರಿ ಇರುವ ಹೆಸರು. ಇವುಗಳಲ್ಲಿ ಸಂಖ್ಯೆಯಲ್ಲಿ ದೊಡ್ಡ ಪಾಲು ಕೋಪಿಪಾಡ್‌ಗಳದ್ದು. ಸಿಗಡಿಯ ದೂರದ ನೆಂಟರು, ಅಕ್ಕಿಕಾಳಿಗಿಂತ ಚಿಕ್ಕವು. ಅಕಾರ್ಷಿಯಾ ಅನ್ನೋ ಜಾತಿ ಒಂದು ಮಿಲಿಮೀಟರ್ ಆಸುಪಾಸು, ತಣ್ಣನೆ ಕಡಲಿನ ಕಲಾನಸ್ ಎರಡು ಮೂರು ಮಿಲಿಮೀಟರ್. ಇವು ಸಸ್ಯಪ್ಲವಕವನ್ನು ತಿನ್ನುತ್ತವೆ, ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗಳು ಇವನ್ನು ತಿನ್ನುತ್ತವೆ. ಮಂಗಳೂರಿನಲ್ಲಿ ಮೀನೂಟ ಮಾಡಿದವರೆಲ್ಲ ಪರೋಕ್ಷವಾಗಿ ಕೋಪಿಪಾಡ್ ಉಂಡವರೇ.

ಇಷ್ಟು ಚಿಕ್ಕ ಪ್ರಾಣಿ ಉಸಿರಾಡಿದರೆಷ್ಟು, ಬಿಟ್ಟರೆಷ್ಟು ಅನ್ನಿಸಬಹುದು. ಒಟ್ಟು ಕೂಡಿಸಿದರೆ ತಲೆ ತಿರುಗುತ್ತದೆ. ಹೆರ್ನಾಂಡೆಸ್ ಲಿಯೋನ್ ಮತ್ತು ಇಕೆಡಾ 2005ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಇಡೀ ಜಗತ್ತಿನ ಸಾಗರಗಳಲ್ಲಿ ಮಧ್ಯಮ ಗಾತ್ರದ ಪ್ರಾಣಿಪ್ಲವಕಗಳು ಉಸಿರಾಟದಲ್ಲಿ ವರ್ಷಕ್ಕೆ ಸುಮಾರು 13 ಗಿಗಾಟನ್ ಇಂಗಾಲವನ್ನು ಹೊರಹಾಕುತ್ತವೆ. ಮನುಷ್ಯರು ಕಲ್ಲಿದ್ದಲು, ಪೆಟ್ರೋಲು ಸುಟ್ಟು ಬಿಡುವ ಇಂಗಾಲ ವರ್ಷಕ್ಕೆ ಸುಮಾರು 10 ಗಿಗಾಟನ್. ಎರಡೂ ಒಂದೇ ಥರದ್ದಲ್ಲ, ಗೊಂದಲ ಬೇಡ. ಪ್ಲವಕದ್ದು ಸಮುದ್ರದೊಳಗೇ ಸುತ್ತುವ ಹಳೆಯ ಚಕ್ರ, ನಮ್ಮದು ಹೊಸದಾಗಿ ಸೇರಿಸುತ್ತಿರುವ ಹೊರೆ. ಆದರೆ ನಾವು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತಿದೆ, ಮುಂದೆಯೂ ಹೀರುತ್ತಾ ಅಂತ ಹೇಳಲು ಕೂತ ಮಾಡೆಲ್‌ಗಳಿಗೆ ಆ ಹಳೆಯ ಚಕ್ರದ ಅಂಕಿಗಳು ಬೇಕೇ ಬೇಕು. ಆ 13ರ ಪಕ್ಕದಲ್ಲಿ ಪ್ಲಸ್ ಆರ್ ಮೈನಸ್ 4 ಅಂತ ಇದೆ. ಅಂದರೆ ತಪ್ಪಿನ ಅಂದಾಜೇ ನಾಲ್ಕು ಗಿಗಾಟನ್. ಆ ದೊಡ್ಡ ಅಂಕಿಯನ್ನು ಬುಡದವರೆಗೆ ಹಿಂಬಾಲಿಸಿಕೊಂಡು ಹೋದರೆ ಸಿಗೋದು ಒಂದು ಚಿಕ್ಕ ಗಾಜಿನ ಬಾಟಲಿ, ಅದರೊಳಗೆ ಹಸಿದಿರುವ ಒಂದಷ್ಟು ಕೋಪಿಪಾಡ್‌ಗಳು.

ಬಾಟಲಿಯ ಪ್ರಯೋಗ ನಮ್ಮ ಸಿವಿಲ್ ಬ್ರಾಂಚಿನವರಿಗೆ ಹೊಸದೇನಲ್ಲ. ಎನ್ವಿರಾನ್‌ಮೆಂಟಲ್ ಲ್ಯಾಬ್‌ನಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ಮಾಡುವ ಟೈಟ್ರೇಷನ್ ಇದೆಯಲ್ಲ, ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟದ್ದು, ಪ್ಲವಕದವರೂ ದಶಕಗಟ್ಟಲೆ ಅದನ್ನೇ ಬಳಸಿದರು. ಒಂದು ಬಾಟಲಿಯಲ್ಲಿ ಸಮುದ್ರದ ನೀರು ಮತ್ತು ಪ್ರಾಣಿ, ಇನ್ನೊಂದರಲ್ಲಿ ಬರೀ ನೀರು. ಗಾಳಿ ಸೇರದ ಹಾಗೆ ಮುಚ್ಚಿ ಕತ್ತಲಲ್ಲಿ ಇಡೋದು, ಒಂದು ದಿನ ಬಿಟ್ಟು ಎರಡರಲ್ಲೂ ಎಷ್ಟು ಆಮ್ಲಜನಕ ಉಳಿದಿದೆ ನೋಡೋದು. ವ್ಯತ್ಯಾಸವೇ ಪ್ರಾಣಿ ಉಸಿರಾಡಿದ್ದು. ಉಸಿರಾಟದ ದರವೇ ಚಯಾಪಚಯದ ದರ ಅಂತ ಒಪ್ಪಿಕೊಂಡರೆ, ಅಂದರೆ ದೇಹ ಎಷ್ಟು ವೇಗವಾಗಿ ಇಂಧನ ಸುಡುತ್ತಿದೆ ಅನ್ನೋದನ್ನು ಆಮ್ಲಜನಕದಲ್ಲಿ ಓದಿಕೊಂಡರೆ, ಕೆಲಸ ಮುಗಿಯಿತು.

ಮುಗಿಯೋದಿಲ್ಲ. ಲೆಕ್ಕ ಹಾಕಿ ನೋಡಿ. 10 ಡಿಗ್ರಿ ಸೆಲ್ಸಿಯಸ್‌ನ ಸಮುದ್ರದ ನೀರು ಒಂದು ಲೀಟರ್‌ನಲ್ಲಿ ಸುಮಾರು 6 ಮಿಲಿಲೀಟರ್ ಆಮ್ಲಜನಕ ಹಿಡಿದಿಡುತ್ತದೆ. 100 ಮಿಲಿಲೀಟರ್ ಬಾಟಲಿಯಲ್ಲಿ 600 ಮೈಕ್ರೋಲೀಟರ್ ಆಯಿತು. ಒಂದು ಕಲಾನಸ್ ಗಂಟೆಗೆ ಬಳಸೋದು ಅರ್ಧ ಮೈಕ್ರೋಲೀಟರ್‌ಗೂ ಕಡಿಮೆ. ದಿನಪೂರ್ತಿ ಕಾದರೂ 10 ಮೈಕ್ರೋಲೀಟರ್ ಇಳಿದರೆ ಹೆಚ್ಚು, ಅಂದರೆ ಎರಡು ಪರ್ಸೆಂಟ್‌ಗಿಂತ ಕಡಿಮೆ. ಬ್ಯುರೆಟ್‌ನಲ್ಲಿ ಒಂದು ಹನಿ ಹೆಚ್ಚು ಬಿದ್ದರೆ ಅರ್ಧ ಸಿಗ್ನಲ್ಲೇ ಹೋಯಿತು. ಹಾಗಾಗಿ ಒಂದರ ಬದಲು ಹತ್ತಿಪ್ಪತ್ತು ಪ್ರಾಣಿಗಳನ್ನು ತುಂಬಬೇಕು, ಇಲ್ಲವೇ ತುಂಬಾ ಹೊತ್ತು ಕಾಯಬೇಕು. ತುಂಬಿದರೆ ನೂಕುನುಗ್ಗಲು, ಕಾದರೆ ಹಸಿವು.

ಇನ್ನು ಊಟದ ವಿಷಯ. ಬಾಟಲಿಯೊಳಗೆ ಅವಕ್ಕೆ ಬೇಕಾದ ಪಾಚಿಕಣ ಹಾಕಬಹುದಲ್ಲ? ಹಾಕಿದ ತಕ್ಷಣ ಲೆಕ್ಕ ಕೆಡುತ್ತದೆ. ಪಾಚಿಯೂ ಜೀವಿ. ಬೆಳಕಿದ್ದರೆ ಆಮ್ಲಜನಕ ಬಿಡುತ್ತದೆ, ಕತ್ತಲಲ್ಲಿ ಉಸಿರಾಡುತ್ತದೆ. ಬಿಒಡಿ ಬಾಟಲಿಯನ್ನು ನಾವು ಕತ್ತಲಲ್ಲಿ ಇಡೋದೂ ಇದಕ್ಕೇ. ಸರಿ, ಬ್ಲಾಂಕ್ ಬಾಟಲಿಗೂ ಅಷ್ಟೇ ಪಾಚಿ ಹಾಕಿ ಕಳೆಯೋಣ ಅಂದರೆ, ಪ್ರಾಣಿ ಇರುವ ಬಾಟಲಿಯಲ್ಲಿ ಪಾಚಿ ಗಂಟೆಗಂಟೆಗೂ ಖಾಲಿಯಾಗುತ್ತಾ ಹೋಗುತ್ತದೆ, ಬ್ಲಾಂಕ್‌ನಲ್ಲಿ ಹಾಗೇ ಇರುತ್ತದೆ. ಎರಡು ಬಾಟಲಿ ಈಗ ಒಂದೇ ಅಲ್ಲ. ಪ್ರಾಣಿ ವಿಸರ್ಜಿಸುವ ಅಮೋನಿಯಾ ಅಳೆಯಬೇಕು ಅಂದರಂತೂ ಕಷ್ಟವೋ ಕಷ್ಟ, ಅದು ಹೊರಬಂದದ್ದೇ ತಡ ಪಾಚಿ ನುಂಗಿಬಿಡುತ್ತದೆ. ಈ ರಗಳೆಯೇ ಬೇಡ ಅಂತ ಬಹಳಷ್ಟು ಜನ ಸಮುದ್ರದ ನೀರನ್ನು ಸೋಸಿ, ಕಣಗಳನ್ನೆಲ್ಲ ತೆಗೆದು, ಆ ಸ್ವಚ್ಛ ನೀರಿನಲ್ಲಿ ಪ್ರಾಣಿಯನ್ನು ಬಿಟ್ಟರು.

ನನ್ನ ತಕರಾರು ಇಲ್ಲೇ. ಪ್ರಾಣಿಯನ್ನು ಉಪವಾಸ ಕೆಡವಿದ್ದಕ್ಕೆ ಜೀವಶಾಸ್ತ್ರದ ಕಾರಣ ಯಾವುದೂ ಇರಲಿಲ್ಲ, ಅಳತೆಯ ಅನುಕೂಲವೇ ಕಾರಣ. ಮೀಟರಿಗೆ ಸರಿಹೋಗಲಿ ಅಂತ ಅಳೆಯುವ ವಸ್ತುವನ್ನೇ ಬದಲಾಯಿಸಿದ ಹಾಗೆ. ಆಮೇಲೆ ಬಂದ ಅಂಕಿಗೆ “ಕೋಪಿಪಾಡ್‌ನ ಉಸಿರಾಟ ದರ” ಅಂತ ಹೆಸರಿಟ್ಟು ಟೇಬಲ್‌ಗೆ ಹಾಕಿದರು. “ಊಟವಿಲ್ಲದೆ ಇಷ್ಟು ಗಂಟೆ ಕಳೆದ ಕೋಪಿಪಾಡ್‌ನ ಉಸಿರಾಟ ದರ” ಅನ್ನೋ ಪೂರ್ತಿ ಹೆಸರು ಎಷ್ಟೋ ಟೇಬಲ್‌ಗಳಲ್ಲಿ ದಾರಿಯಲ್ಲೇ ಕಳಚಿಬಿತ್ತು.

ಊಟ ಇದ್ದರೂ ಇಲ್ಲದಿದ್ದರೂ ಅಷ್ಟು ದೊಡ್ಡ ವ್ಯತ್ಯಾಸ ಬರುತ್ತಾ? ಬರುತ್ತದೆ. ಹಿಡಿದು ತಂದ ಹೊಸದರಲ್ಲಿ ಉಸಿರಾಟ ಜೋರಾಗಿರುತ್ತದೆ, ಬಲೆಯ ಎಳೆದಾಟದ ಗಾಬರಿ ಒಂದು ಕಡೆ, ಹೊಟ್ಟೆಯಲ್ಲಿ ಇನ್ನೂ ಉಳಿದಿರುವ ಊಟ ಇನ್ನೊಂದು ಕಡೆ. ಆಮೇಲೆ ಇಳಿಯುತ್ತಾ ಹೋಗುತ್ತದೆ. ಜಪಾನಿನ ತ್ಸುತೋಮು ಇಕೆಡಾ 1970ರ ದಶಕದಲ್ಲಿ ತಣ್ಣನೆ ಕಡಲಿನ ಹಲವು ಪ್ರಭೇದಗಳನ್ನು ಎರಡು ಪಂಗಡ ಮಾಡಿ ಸಾಕಿ ನೋಡಿದರು, ಒಂದಕ್ಕೆ ಊಟ, ಇನ್ನೊಂದಕ್ಕೆ ಉಪವಾಸ, ಎರಡರಲ್ಲೂ ಉಸಿರಾಟ ಮತ್ತು ವಿಸರ್ಜನೆಯ ಅಳತೆ. ಆ ಸರಣಿಯ ಹೆಸರಲ್ಲೇ ಅವರ ಅನುಮಾನ ಇದೆ: ಲ್ಯಾಬಿನ ಪರಿಸ್ಥಿತಿಯಲ್ಲಿ ಸಿಕ್ಕ ಅಳತೆಯನ್ನು ಸಮುದ್ರದ ಬದುಕಿಗೆ ಎಷ್ಟರಮಟ್ಟಿಗೆ ಹಚ್ಚಬಹುದು ಅನ್ನೋದೇ ಅವರ ಪ್ರಶ್ನೆ. ಅಳೆಯುವವರೇ ತಮ್ಮ ಬಾಟಲಿಯ ಮೇಲೆ ಅನುಮಾನ ಪಟ್ಟಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

1985ರಲ್ಲಿ ಡೆನ್ಮಾರ್ಕಿನ ಥಾಮಸ್ ಕಿಯರ್‌ಬೋ ಮತ್ತು ಸಂಗಡಿಗರು ಅಕಾರ್ಷಿಯಾ ಟೋನ್ಸಾ ಮೇಲೆ ಮಾಡಿದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇರೆಬೇರೆ ಪ್ರಮಾಣದಲ್ಲಿ ಊಟ ಕೊಟ್ಟು, ಎಷ್ಟು ತಿಂದಿತು, ಎಷ್ಟು ಮೊಟ್ಟೆ ಇಟ್ಟಿತು, ಎಷ್ಟು ಉಸಿರಾಡಿತು ಮೂರನ್ನೂ ಒಟ್ಟಿಗೆ ಅಳೆದರು. ಹೊಟ್ಟೆ ತುಂಬಿದ ಪ್ರಾಣಿಯ ಉಸಿರಾಟ ಹಸಿದದ್ದರ ಹಲವು ಪಟ್ಟು. ಹಾಗಾದರೆ ಆ ಹೆಚ್ಚುವರಿ ಎಲ್ಲಿ ಹೋಗುತ್ತದೆ? ಆಹಾರ ಹಿಡಿಯಲು ಕೈಕಾಲು ಆಡಿಸುವ ಶ್ರಮಕ್ಕೆ ಅಂದುಕೊಳ್ಳೋದು ಸಹಜ. ಅವರ ಲೆಕ್ಕದಲ್ಲಿ ಆ ಖರ್ಚು ಅತ್ಯಲ್ಪ. ದೊಡ್ಡ ಪಾಲು ತಿಂದದ್ದನ್ನು ಮೈಯಾಗಿ, ಮೊಟ್ಟೆಯಾಗಿ ಕಟ್ಟುವ ಕೆಲಸಕ್ಕೆ. ಮುದ್ದೆ ಊಟ ಆದಮೇಲೆ ಮೈ ಬೆಚ್ಚಗಾಗುತ್ತದಲ್ಲ, ಅದೇ ಜಾತಿಯ ಖರ್ಚು. ಉಸಿರಾಟ ಅಂದರೆ ಬರೀ ಜೀವ ಹಿಡಿದುಕೊಂಡಿರುವ ಬಾಡಿಗೆ ಅಂದುಕೊಂಡವರಿಗೆ ಇದು ಹೊಸ ಅರ್ಥ ಕೊಡುತ್ತದೆ. ಆರೋಗ್ಯವಾಗಿ ಉಂಡು ಬೆಳೆಯುತ್ತಿರುವ ಕೋಪಿಪಾಡ್‌ನ ಉಸಿರಾಟದಲ್ಲಿ ಕಟ್ಟಡ ಕಟ್ಟುವ ಕೂಲಿಯೇ ಹೆಚ್ಚು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಶೋಕಿ ಆ ಪ್ರಾಣಿಗಿಲ್ಲ, ಊಟ ನಿಂತರೆ ಮೊದಲು ಮೊಟ್ಟೆಗೇ ಕತ್ತರಿ.

ಇಸಿ ಬ್ರಾಂಚಿನವರಿಗೆ ಇದನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಮೈಕ್ರೋಕಂಟ್ರೋಲರ್‌ನ ಸ್ಲೀಪ್ ಕರೆಂಟ್ ಅಳೆದು ಅದನ್ನೇ ಬ್ಯಾಟರಿ ಲೆಕ್ಕಕ್ಕೆ ಹಾಕಿದರೆ ಏನಾಗುತ್ತೆ? ಡೇಟಾಶೀಟ್‌ನಲ್ಲಿ ಪ್ರತಿ ಕರೆಂಟಿನ ಪಕ್ಕದಲ್ಲೂ ಇಷ್ಟು ವೋಲ್ಟೇಜ್, ಇಷ್ಟು ಕ್ಲಾಕ್, ಇಂಥ ಮೋಡ್ ಅಂತ ಟೆಸ್ಟ್ ಕಂಡಿಷನ್ ಬರೆದಿರೋದು ಇದಕ್ಕೇ. ಆ ಕಾಲಂ ಇಲ್ಲದ ಡೇಟಾಶೀಟ್ ಕೊಟ್ಟ ಕಂಪನಿಯ ಚಿಪ್ಪನ್ನು ನೀವು ಮಿನಿ ಪ್ರಾಜೆಕ್ಟ್‌ಗೂ ಹಾಕಲ್ಲ. ಬಿಒಡಿಯಲ್ಲೂ ಅಷ್ಟೇ. ಹೊರಗಿನ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಅಂತಿದ್ದರೆ, ನಮ್ಮ ಐಎಸ್ ಕೋಡ್ ಇಲ್ಲಿನ ಹವೆಗೆ ತಕ್ಕಂತೆ 27 ಡಿಗ್ರಿಯಲ್ಲಿ 3 ದಿನ ಅನ್ನುತ್ತದೆ. ದಿನ ಮತ್ತು ಡಿಗ್ರಿ ಬರೆಯದ ಬಿಒಡಿಗೆ ಲ್ಯಾಬ್ ರೆಕಾರ್ಡ್‌ನಲ್ಲಿ ಸಹಿ ಬೀಳಲ್ಲ.

ಆದರೆ ಈ ಹೋಲಿಕೆ ಒಂದು ಜಾಗದಲ್ಲಿ ಮುರಿಯುತ್ತದೆ, ನನಗೆ ಅತಿ ಸ್ವಾರಸ್ಯ ಅನ್ನಿಸಿದ್ದೂ ಅದೇ ಜಾಗ. ಚಾರ್ಜ್ ಮುಗಿದ ಮೊಬೈಲ್ ತನ್ನ ಕವಚವನ್ನೇ ಸುಟ್ಟುಕೊಂಡು ಓಡಲ್ಲ. ಹಸಿದ ಪ್ರಾಣಿ ಓಡುತ್ತದೆ. ಇಕೆಡಾ ಮತ್ತು ಡಿಕ್ಸನ್ 1982ರಲ್ಲಿ ಅಂಟಾರ್ಕ್ಟಿಕಾದ ಕ್ರಿಲ್ ಬಗ್ಗೆ ಬರೆದದ್ದನ್ನು ಓದಿದರೆ ನಂಬಲಿಕ್ಕೇ ಆಗಲ್ಲ. ತೊಟ್ಟಿಯಲ್ಲಿ ಊಟವಿಲ್ಲದೆ ಇಟ್ಟ ಕ್ರಿಲ್ 211 ದಿನ ಬದುಕಿತ್ತು. ಬದುಕಿದ್ದು ಸುಮ್ಮನೆ ಕೂತಲ್ಲ. ಎಂದಿನಂತೆ ಪೊರೆ ಕಳಚುತ್ತಲೇ ಇತ್ತು, ಪ್ರತಿ ಸಲವೂ ಹೊಸ ಚಿಪ್ಪು ಹಳೆಯದಕ್ಕಿಂತ ಚಿಕ್ಕದು. ತನ್ನ ಮೈಯನ್ನೇ ಕರಗಿಸಿ ಇಂಧನ ಮಾಡಿಕೊಂಡು, ಕುಗ್ಗಿದ ಮೈಗೆ ತಕ್ಕ ಅಂಗಿ ಹೊಲಿಸಿಕೊಳ್ಳುತ್ತಾ ಹೋಯಿತು. ಮಂಜು ಮುಚ್ಚಿದ ಚಳಿಗಾಲವನ್ನು ಕ್ರಿಲ್ ಹೀಗೂ ದಾಟಬಹುದು ಅನ್ನೋದು ಅವರ ಸೂಚನೆ. ಇದರ ಅಡ್ಡಪರಿಣಾಮವಾಗಿ ಇನ್ನೊಂದು ತಲೆನೋವು ಹುಟ್ಟಿತು. ಉದ್ದ ನೋಡಿ ಕ್ರಿಲ್‌ನ ವಯಸ್ಸು ಹೇಳುವ ಪದ್ಧತಿಯೇ ಅನುಮಾನಕ್ಕೆ ಬಿತ್ತು, ಯಾಕೆಂದರೆ ಚಿಕ್ಕದಾಗಿ ಕಾಣೋದು ಮರಿಯೂ ಇರಬಹುದು, ಕುಗ್ಗಿದ ಹಿರಿಯರೂ ಇರಬಹುದು.

ಪ್ರಾಣಿ ಏನನ್ನು ಸುಡುತ್ತಿದೆ ಅನ್ನೋದನ್ನೂ ಬಾಟಲಿ ಹೇಳುತ್ತದೆ. ಮೆಕ್ಯಾನಿಕಲ್‌ನವರು ಎಂಜಿನ್ನಿನ ಹೊಗೆ ನೋಡಿ ಒಳಗಿನ ದಹನ ಅಂದಾಜು ಮಾಡ್ತಾರಲ್ಲ, ಹಾಗೆ. ಬಳಸಿದ ಆಮ್ಲಜನಕದ ಪರಮಾಣುಗಳನ್ನು ಹೊರಬಂದ ಅಮೋನಿಯಾದ ಸಾರಜನಕ ಪರಮಾಣುಗಳಿಂದ ಭಾಗಿಸಿ. ಬರೀ ಪ್ರೋಟೀನ್ ಸುಟ್ಟರೆ ಉತ್ತರ ಸುಮಾರು 7. ಪ್ರೋಟೀನ್ ಮತ್ತು ಕೊಬ್ಬು ಸಮಸಮ ಸುಟ್ಟರೆ ಸುಮಾರು 24. ಕೊಬ್ಬಿನ ಪಾಲು ಹೆಚ್ಚಾದಂತೆ ಇನ್ನೂ ಮೇಲೆ. ಕೊಬ್ಬಿನ ದಾಸ್ತಾನು ಇಲ್ಲದ ಪ್ರಾಣಿಗೆ ಉಪವಾಸ ಹಾಕಿದರೆ ಈ ಅನುಪಾತ ಕೆಳಗಿಳಿಯುತ್ತದೆ, ಅಂದರೆ ಅದು ತನ್ನ ಮಾಂಸಖಂಡಕ್ಕೇ ಕೈಹಾಕಿದೆ ಅಂತ. ಕೊಬ್ಬಿನ ಚೀಲವೇ ಹೊತ್ತಿರುವ ಕಲಾನಸ್‌ನಲ್ಲಿ ಕಥೆ ಬೇರೆ. ಅದರ ಒಣತೂಕದ ಅರ್ಧ ಅಥವಾ ಅದಕ್ಕೂ ಹೆಚ್ಚು ಕೊಬ್ಬೇ ಆಗಿರಬಹುದು. ಅಕಾರ್ಷಿಯಾ ದಿನಗೂಲಿ, ಇವತ್ತಿನ ದುಡಿಮೆ ಇವತ್ತಿನ ಊಟ, ಕೆಲವೇ ದಿನ ಆಹಾರ ತಪ್ಪಿದರೆ ಸಾವು. ಕಲಾನಸ್ ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟವನು. ಇಬ್ಬರನ್ನೂ ಒಂದೇ ಸೋಸಿದ ನೀರಿನಲ್ಲಿ 24 ಗಂಟೆ ಇಟ್ಟು “ಸಮಾನ ಪರಿಸ್ಥಿತಿಯಲ್ಲಿ ಅಳೆದೆವು” ಅಂದರೆ ಅದು ಕಾಗದದ ಮೇಲಿನ ಸಮಾನತೆ.

ಇದಕ್ಕೆ ಉತ್ತರ ಇಲ್ಲ ಅಂತಲ್ಲ. ಎರಡು ಗಟ್ಟಿ ಉತ್ತರಗಳಿವೆ.

ಒಂದು, ಮನುಷ್ಯರಲ್ಲೂ ಬಿಎಂಆರ್ ಅಳೆಯೋದು ಸುಮಾರು ಹನ್ನೆರಡು ಗಂಟೆ ಉಪವಾಸದ ನಂತರವೇ, ಇಲ್ಲಿ ಮಾತ್ರ ಯಾಕೆ ಗಲಾಟೆ ಅನ್ನೋದು. ನಮಗೆ ಹನ್ನೆರಡು ಗಂಟೆ ಅಂದರೆ ರಾತ್ರಿ ಊಟ ಮಾಡಿ ಬೆಳಗ್ಗೆ ಎದ್ದ ಹಾಗೆ, ದಿನಾ ಆಗುವ ಸ್ಥಿತಿ. ಬಹುಪಾಲು ಹೊತ್ತು ತಿನ್ನುತ್ತಲೇ ಇರುವ ಚಿಕ್ಕ ಕೋಪಿಪಾಡ್‌ನಲ್ಲಿ ಆಹಾರ ಕರುಳು ದಾಟಿ ಹೊರಬರಲು ಒಂದು ಗಂಟೆಯೂ ಬೇಡ. ಅದರ ಇಡೀ ಆಯಸ್ಸು ಕೆಲವು ವಾರ. ಒಂದು ತಿಂಗಳು ಬದುಕುವ ಪ್ರಾಣಿಗೆ ಒಂದು ದಿನದ ಉಪವಾಸ ಅಂದರೆ, ಎಪ್ಪತ್ತು ಚಿಲ್ಲರೆ ವರ್ಷ ಬದುಕುವ ನಮಗೆ ಎರಡು ವರ್ಷ ಮೀರಿದ ಉಪವಾಸ. ತಮಾಷೆಯ ತ್ರೈರಾಶಿ ಇದು, ವೈವಾದಲ್ಲಿ ಹೇಳಬೇಡಿ. ಆದರೂ ದಿಕ್ಕು ಸರಿಯಾಗೇ ತೋರಿಸುತ್ತದೆ. ನಮ್ಮ ಅರಬ್ಬಿ ಸಮುದ್ರದ ಬೆಚ್ಚನೆ ನೀರಿನಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. 10 ಡಿಗ್ರಿ ಏರಿದರೆ ಚಯಾಪಚಯ ಸುಮಾರು ಎರಡು ಪಟ್ಟು ಅಂತ ಹಿಡಿದರೆ, 8 ಡಿಗ್ರಿಯಲ್ಲಿ ನಾಲ್ಕು ದಿನದ ಉಪವಾಸ ಮಾಡುವ ಕೆಲಸವನ್ನು 28 ಡಿಗ್ರಿಯಲ್ಲಿ ಒಂದೇ ದಿನ ಮಾಡಿಬಿಡುತ್ತದೆ. ಸ್ಕಾಟ್ಲೆಂಡಿನಲ್ಲಿ ನಡೆಯುವ 24 ಗಂಟೆಯ ಪ್ರೋಟೋಕಾಲ್ ಕಾರವಾರದಲ್ಲಿ ಹಾಗೇ ನಡೆಯಲ್ಲ.

ಎರಡನೆಯ ಉತ್ತರ ಇನ್ನೂ ಗಟ್ಟಿ. ಅದೇ ಇಕೆಡಾ 1985ರಲ್ಲಿ ಸಮುದ್ರದ ಮೇಲ್ಪದರದ ಪ್ರಾಣಿಪ್ಲವಕಗಳ ಅಳತೆಗಳನ್ನೆಲ್ಲ ಗುಡ್ಡೆ ಹಾಕಿ, ದೇಹದ ತೂಕ ಮತ್ತು ನೀರಿನ ತಾಪಮಾನ ಇವೆರಡೇ ಸಾಕು, ಚಯಾಪಚಯದ ವ್ಯತ್ಯಾಸದಲ್ಲಿ 84ರಿಂದ 96 ಪರ್ಸೆಂಟ್ ವಿವರಿಸಬಹುದು ಅಂತ ತೋರಿಸಿದರು. ಮಾಡೆಲ್ ಮಾಡುವವರಿಗೆ ಹಬ್ಬವೇ ಆಯಿತು. ತೂಕ ಗೊತ್ತು, ತಾಪಮಾನ ಗೊತ್ತು, ಸೂತ್ರಕ್ಕೆ ಹಾಕು, ಉಸಿರಾಟ ಬಂತು. 96 ಪರ್ಸೆಂಟ್ ಸಿಕ್ಕ ಮೇಲೆ ಊಟದ ಚಿಲ್ಲರೆ ಯಾಕೆ?

ಆ ಗ್ರಾಫ್‌ನ ಅಕ್ಷ ನೋಡಿ. ಲಾಗ್ ಸ್ಕೇಲ್. ಕಣ್ಣಿಗೆ ಕಾಣದ ಮರಿಯಿಂದ ಬೆರಳುದ್ದದ ಪ್ರಾಣಿಯವರೆಗೆ ತೂಕ ಲಕ್ಷ ಪಟ್ಟಿನಲ್ಲಿ ಬದಲಾಗುತ್ತದೆ. ಅಂಥ ಅಕ್ಷದ ಮೇಲೆ ಎರಡು ಪಟ್ಟು ಅಂದರೆ 0.3, ಪೆನ್ನಿನ ಚುಕ್ಕೆಯ ದಪ್ಪ. ಲಾಗ್ ಲಾಗ್ ಗ್ರಾಫ್‌ನಲ್ಲಿ ಎಲ್ಲವೂ ಗೆರೆಯ ಮೇಲೆ ಕೂರುತ್ತದೆ ಅಂತ ನಮ್ಮಲ್ಲೂ ತಮಾಷೆ ಮಾಡ್ತೀವಲ್ಲ. ಆನೆಯೂ ಇರುವೆಯೂ ಒಂದೇ ಗೆರೆಯ ಮೇಲಿವೆ ಅಂತ ತಿಳಿಯಲು ಆ ಗ್ರಾಫ್ ಬೇಕು. ಇವತ್ತು ಈ ಆನೆ ಉಂಡಿದೆಯೋ ಇಲ್ಲವೋ ಅಂತ ಅದು ಹೇಳಲ್ಲ. ಗಿಗಾಟನ್ ಲೆಕ್ಕಕ್ಕೆ ಬಂದಾಗ ಆ “ಚುಕ್ಕೆಯ ದಪ್ಪ” 13ನ್ನು 26 ಮಾಡಬಲ್ಲದು, ಆರೂವರೆಯೂ ಮಾಡಬಲ್ಲದು. ಇಕೆಡಾ ಅವರ ಕೆಲಸಕ್ಕೆ ನನ್ನ ಗೌರವ ಎಳ್ಳಷ್ಟೂ ಕಡಿಮೆಯಿಲ್ಲ, ಅವರು ಈ ಅಪಾಯ ತಿಳಿದೇ ಮೊದಲಿನ ಸರಣಿ ಬರೆದವರು. ಸೂತ್ರವನ್ನು ಎತ್ತಿಕೊಂಡು ಷರತ್ತನ್ನು ಅಲ್ಲೇ ಬಿಟ್ಟು ಬಂದವರ ಮೇಲೆ ನನ್ನ ದೂರು.

ಹಾಗಂತ ಹಸಿದ ಅಳತೆಯನ್ನೆಲ್ಲ ಕಸಕ್ಕೆ ಹಾಕಿ ಅಂತಲೂ ನಾನು ಹೇಳಲ್ಲ. ಸಮುದ್ರದಲ್ಲಿ ಹಸಿವು ಅಪರೂಪದ್ದೇನಲ್ಲ. ಉತ್ತರ ಅಟ್ಲಾಂಟಿಕ್‌ನ ಕಲಾನಸ್ ಬೇಸಿಗೆಯಲ್ಲಿ ಉಂಡು ಕೊಬ್ಬಿ, ಆಮೇಲೆ ನೂರಾರು ಮೀಟರ್ ಆಳಕ್ಕಿಳಿದು, ಊಟ ಬಿಟ್ಟು, ಚಯಾಪಚಯ ತಗ್ಗಿಸಿಕೊಂಡು ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಆ ಪ್ರಾಣಿಯ ನಿಜವಾದ ಅಳತೆ ಉಪವಾಸದ ಅಳತೆಯೇ. ಸ್ಕಾಟ್ಲೆಂಡಿನ ಮಿಲ್‌ಪೋರ್ಟ್‌ನಲ್ಲಿ ಶೀನಾ ಮಾರ್ಷಲ್ ಮತ್ತು ಎ. ಪಿ. ಆರ್ ಜೋಡಿ ದಶಕಗಳ ಕಾಲ ಈ ಒಂದೇ ಪ್ರಾಣಿಯ ಹಿಂದೆ ಬಿದ್ದು, 1955ರಲ್ಲಿ ಅದರ ಮೇಲೇ ಒಂದು ಪುಸ್ತಕ ಬರೆದರು. ಅವರ ಅಳತೆಗಳಲ್ಲೇ ಕಂಡಿತ್ತು, ಉಸಿರಾಟ ಋತುವಿನೊಡನೆ ಏರಿಳಿಯುತ್ತದೆ, ಪ್ರಖರ ಬೆಳಕಿಗೆ ಹೆಚ್ಚುತ್ತದೆ ಅಂತ. ಮುಂದೆ 2007ರಲ್ಲಿ ಟೆಶ್ಕೆ ಮತ್ತಿತರರು ಸೆರೆಯಲ್ಲಿಟ್ಟ ಕ್ರಿಲ್‌ಗೆ ಧಾರಾಳ ಊಟ ಕೊಟ್ಟು ಬೆಳಕನ್ನಷ್ಟೇ ಬದಲಿಸಿ ನೋಡಿದರು. ಚಳಿಗಾಲದ ಕತ್ತಲೆ ಮಾಡಿದರೆ ಎದುರಿಗೆ ಊಟ ಇದ್ದರೂ ತಿನ್ನೋದು ಕಡಿಮೆ, ಚಯಾಪಚಯವೂ ಕಡಿಮೆ. ಅಲ್ಲಿಗೆ ಊಟದ ಕಾಲಂ ಒಂದೇ ಸಾಲದು, ಬೆಳಕಿನ ಕಾಲಂ ಕೂಡ ಬೇಕು ಅಂತಾಯಿತು.

ನಮ್ಮ ಸಮುದ್ರದ್ದೇ ಒಂದು ಒಗಟಿದೆ. ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಹೊತ್ತಿಗೆ ಸಸ್ಯಪ್ಲವಕ ಸೊಂಪಾಗಿ ಬೆಳೆಯುತ್ತದೆ, ಮಳೆಗಾಲಗಳ ನಡುವಿನ ತಿಂಗಳುಗಳಲ್ಲಿ ಸೊರಗುತ್ತದೆ. ತಿನ್ನುವ ಪ್ರಾಣಿಗಳೂ ಅದರಂತೆ ಏರಿಳಿಯಬೇಕಲ್ಲ? ಎಂ. ಮಧುಪ್ರತಾಪ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿದ ಪ್ರಕಾರ, ಮೇಲ್ಪದರದಲ್ಲಿ ಪ್ರಾಣಿಪ್ಲವಕದ ಪ್ರಮಾಣ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಬರಗಾಲದಲ್ಲಿ ಅವು ತಿನ್ನುತ್ತಿರೋದು ಏನನ್ನು? ಬ್ಯಾಕ್ಟೀರಿಯಾ, ಅವನ್ನು ತಿನ್ನುವ ಸೂಕ್ಷ್ಮಜೀವಿಗಳು, ಆ ದಾರಿಯಲ್ಲಿ ಊಟ ಬರುತ್ತಿದೆ ಅನ್ನೋದು ಅವರು ಕೊಟ್ಟ ವಿವರಣೆ. ಈಗ ಯೋಚಿಸಿ. ಕ್ಲೋರೊಫಿಲ್ ಕಡಿಮೆ ಇದೆ, ಆದ್ದರಿಂದ ಪ್ರಾಣಿ ಹಸಿದಿದೆ, ಆದ್ದರಿಂದ ಉಪವಾಸದ ದರ ಹಾಕೋಣ ಅಂತ ಯಾರಾದರೂ ಮಾಡೆಲ್ ಬರೆದರೆ ಇಲ್ಲಿ ಪೂರ್ತಿ ಎಡವುತ್ತಾರೆ. “ಊಟ ಆಯ್ತಾ?” ಅನ್ನೋದನ್ನು ಪ್ರಾಣಿಯನ್ನೇ ಕೇಳಬೇಕು, ಉಪಗ್ರಹದ ಹಸಿರು ಚಿತ್ರವನ್ನಲ್ಲ.

ಗಿಗಾಟನ್ ದೂರದ ಮಾತಾಯಿತು ಅನ್ನೋರಿಗೆ ಹತ್ತಿರದ್ದೊಂದು. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಸಮುದ್ರದಲ್ಲಿ ಪಂಜರ ಕಟ್ಟಿ ಮೀನು ಸಾಕುವ ಕೆಲಸಕ್ಕೆ ಹೆಸರಾಗಿದೆ. ಪಂಜರಕ್ಕೆ ಮರಿ ಬೇಕು. ಮೊಟ್ಟೆಯೊಡೆದ ಸಮುದ್ರಮೀನಿನ ಮರಿಗೆ ಮೊದಮೊದಲು ಜೀವಂತ ಆಹಾರವೇ ಆಗಬೇಕು, ಅದಕ್ಕೆ ಹ್ಯಾಚರಿಗಳಲ್ಲಿ ರೋಟಿಫರ್, ಆರ್ಟೀಮಿಯಾ, ಕೆಲವು ಕಡೆ ಕೋಪಿಪಾಡ್ ಸಾಕುತ್ತಾರೆ. ಆರ್ಟೀಮಿಯಾ ಉಪ್ಪು ಸರೋವರದ ಪ್ರಾಣಿ, ಒಣಗಿದ ಮೊಟ್ಟೆ ಡಬ್ಬಿಯಲ್ಲಿ ಬರುತ್ತದೆ, ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಮರಿ. ಆ ಮರಿಗೆ ಮೊದಲ ಹಂತದಲ್ಲಿ ತಿನ್ನಲು ಬಾಯೇ ತೆರೆದಿರಲ್ಲ, ಹೊಟ್ಟೆಯೊಳಗಿನ ಬುತ್ತಿಯ ಮೇಲೆ ಬದುಕುತ್ತದೆ. ಸುಮಾರು ಎಂಟು ಗಂಟೆಯಲ್ಲಿ ಮೊದಲ ಪೊರೆ ಕಳಚಿದ ಮೇಲೆಯೇ ಊಟ. ಏನೂ ಕೊಡದೆ ಬಿಟ್ಟರೆ ಹುಟ್ಟಿದ 24 ಗಂಟೆಯಲ್ಲಿ ತನ್ನ ಶಕ್ತಿಯ ದಾಸ್ತಾನಿನಲ್ಲಿ 25ರಿಂದ 30 ಪರ್ಸೆಂಟ್ ಸುಟ್ಟುಕೊಂಡಿರುತ್ತದೆ. ಅದೇ ಮರಿಗಳನ್ನು 4 ಡಿಗ್ರಿ ಆಸುಪಾಸಿನ ತಂಪಿನಲ್ಲಿಟ್ಟರೆ ನಷ್ಟ 5 ಪರ್ಸೆಂಟ್‌ಗಿಂತ ಕಡಿಮೆ. ನಿನ್ನೆ ಮರಿಯಾದದ್ದನ್ನು ಇವತ್ತು ಮೀನುಮರಿಗೆ ಹಾಕುವವನು ಎಣಿಸಿದಷ್ಟೇ ಹುಳು ಹಾಕಿರುತ್ತಾನೆ, ಆದರೆ ಮೀನಿನ ತಟ್ಟೆಗೆ ಬಿದ್ದದ್ದು ಮುಕ್ಕಾಲು ಊಟ. ಹ್ಯಾಚರಿ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು, ಯಾಕೆಂದರೆ ಮರಿ ಸತ್ತರೆ ದುಡ್ಡು ಹೋಗುತ್ತದೆ. ಟೇಬಲ್ ಬರೆಯುವವರಿಗೆ ಆ ಭಯ ಇಲ್ಲ.

ನಾವು ಮಾಡಬಹುದಾದ್ದೂ ಇದೆ, ಯಾಕೆಂದರೆ ಮೂಲ ತೊಂದರೆ ಸೆನ್ಸರಿನದ್ದು. ಎರಡು ಪರ್ಸೆಂಟ್ ಬದಲಾವಣೆಗೆ ಒಂದು ದಿನ ಕಾಯಬೇಕಾದ್ದರಿಂದ ತಾನೇ ಉಪವಾಸ? ಆಪ್ಟೋಡ್ ಅನ್ನೋ ಸೆನ್ಸರುಗಳು ಬಂದಿವೆ, ಬೆಳಕು ಹಾಯಿಸಿ ಹೊಳಪು ಎಷ್ಟು ಬೇಗ ಆರುತ್ತದೆ ನೋಡಿ ಆಮ್ಲಜನಕ ಹೇಳುತ್ತವೆ. ಹಳೆಯ ಎಲೆಕ್ಟ್ರೋಡ್‌ನಂತೆ ತಾವೇ ಆಮ್ಲಜನಕ ತಿನ್ನಲ್ಲ, ಹಾಗಾಗಿ ಒಂದು ಮಿಲಿಲೀಟರ್‌ನ ಪುಟ್ಟ ಕೋಣೆಯಲ್ಲೂ ಒಂದೇ ಪ್ರಾಣಿಯನ್ನು ಇಟ್ಟು ಬಿಡದೆ ಓದಬಹುದು. ಆಗ ದಿನಕ್ಕೊಂದು ಅಂಕಿಯ ಬದಲು ನಿಮಿಷ ನಿಮಿಷದ ಕರ್ವ್ ಸಿಗುತ್ತದೆ, ಊಟ ನಿಂತ ಗಳಿಗೆಯಿಂದ ದರ ಹೇಗೆ ಇಳಿಯಿತು ಅನ್ನೋದೇ ಡೇಟಾ ಆಗುತ್ತದೆ. ಕೋಣೆಗೆ ಆಗಾಗ ಹೊಸ ನೀರು, ಹೊಸ ಪಾಚಿ ಹಾಯಿಸಿ ಮತ್ತೆ ಮುಚ್ಚಿ ಅಳೆಯುವ ಪದ್ಧತಿಯೂ ಇದೆ. ವಾಲ್ವ್, ಪಂಪ್, ಕಂಟ್ರೋಲರ್, ಕೋಡ್, ಎಲ್ಲ ನಮ್ಮ ಅಂಗಡಿಯ ಸಾಮಾನೇ. ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ಪ್ರತಿವರ್ಷ ಅದೇ ಲೈನ್ ಫಾಲೋಯರ್ ನೋಡಿ ಬೇಜಾರಾದವರು ಯೋಚಿಸಬಹುದು.

ಅಷ್ಟು ದೊಡ್ಡದು ಬೇಡ ಅಂದರೆ ಹಾಸ್ಟೆಲ್ ರೂಮಿಗೆ ಆಗುವಂಥದ್ದು ಹೇಳ್ತೀನಿ. ಅಕ್ವೇರಿಯಂ ಅಂಗಡಿಯಲ್ಲಿ ಆರ್ಟೀಮಿಯಾ ಮೊಟ್ಟೆ ಸಿಗುತ್ತದೆ. ಉಪ್ಪುನೀರು, ಗಾಳಿ ಪಂಪು, ಬೆಚ್ಚನೆ ಮೂಲೆ. ಮರಿಯಾಗಿ ಮೊದಲ ಪೊರೆ ಕಳಚಿದ ಮೇಲೆ ಎರಡು ಪಾಲು ಮಾಡಿ. ಒಂದಕ್ಕೆ ನೀರಿನಲ್ಲಿ ಕದಡಿದ ಯೀಸ್ಟ್ ತೀರಾ ಸ್ವಲ್ಪ, ಇನ್ನೊಂದಕ್ಕೆ ಏನೂ ಇಲ್ಲ. ಎರಡೆರಡು ಗಂಟೆಗೊಮ್ಮೆ ಎರಡರಿಂದಲೂ ಎಣಿಸಿ ತೆಗೆದು ಮುಚ್ಚಿದ ಬಾಟಲಿಯಲ್ಲಿ ಡಿಓ ಪ್ರೋಬ್‌ನಿಂದ ಅಳೆಯಿರಿ. ಒಂದು ಎಚ್ಚರಿಕೆ: ಯೀಸ್ಟ್ ಕೂಡ ಆಮ್ಲಜನಕ ತಿನ್ನುತ್ತದೆ. ಆದ್ದರಿಂದ ಹುಳುವಿಲ್ಲದ, ಬರೀ ಯೀಸ್ಟ್ ಇರುವ ಮೂರನೇ ಬಾಟಲಿಯೂ, ಏನೂ ಇಲ್ಲದ ನಾಲ್ಕನೆಯದೂ ಬೇಕು. ರೆಕಾರ್ಡ್‌ನಲ್ಲಿ ಸಮಯ, ತಾಪಮಾನ, ಹುಳುಗಳ ಸಂಖ್ಯೆ ಆದಮೇಲೆ ನಾಲ್ಕನೇ ಕಾಲಂಗೆ “ಕೊನೆಯ ಊಟ, ಎಷ್ಟು ಗಂಟೆ ಹಿಂದೆ” ಅಂತ ತಲೆಬರಹ ಹಾಕಿ. ಗ್ರಾಫ್ ಬಂದರೆ ಕ್ಲಬ್ಬಿಗೆ ಕಳಿಸಿ, ಮುಂದಿನ ಸಂಚಿಕೆಗೆ ಜಾಗ ಇದೆ.